ಚೀನೀ ಗೆಳೆಯನಿಗೆ ‘ಬಾರೋ’ ಪದವನ್ನು ಹೇಳಿಕೊಡುವ ಬಗೆ

ನನ್ನ ಅಕ್ಕನ ಮಗ ಚೀನಾದಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾನೆ. ರಜೆಗೆಂದು ದಾವಣಗೆರೆಗೆ ಬಂದವನು, ಎರಡನೆಯ ಬೆಣ್ಣೆದೋಸೆಗೆ ಕಾಯುತ್ತ ಕುಳಿತಿದ್ದಾಗ ಹೇಳಿದ ಸಂಗತಿ ಈ ಬರಹಕ್ಕೆ ಕಾರಣವಾಯಿತು. ಅಲ್ಲಿ ಒಂದು ಸಂಜೆ ಮಳೆ ಹಿಡಿದುಕೊಂಡಿತ್ತಂತೆ. ಇವನ ಕೈಯಲ್ಲಿ ಕಡ್ಡಿ ಮುರಿದ ಛತ್ರಿ, ತರಗತಿಯ ಚೀನೀ ಗೆಳೆಯನ ಕೈಯಲ್ಲಿ ಗಟ್ಟಿಯಾದ ಛತ್ರಿ. ಗೆಳೆಯ ಇವನ ಕಡೆ ತಿರುಗಿ, “ಐ ಬಾರೋ ಯು ಅಂಬ್ರೆಲಾ” ಎಂದನಂತೆ. ತನ್ನ ಛತ್ರಿಯನ್ನೇ ಕೇಳುತ್ತಿದ್ದಾನೆಂದು ತಿಳಿದು ಇವನು ಮುರುಕು ಛತ್ರಿಯನ್ನು ಚಾಚಿದ. ಅದೇ ಹೊತ್ತಿಗೆ ಅವನು ತನ್ನದನ್ನು ಚಾಚಿದ. ಇಬ್ಬರೂ ಮತ್ತೊಬ್ಬರ ಛತ್ರಿ ಹಿಡಿದುಕೊಂಡು ಮಳೆಯಲ್ಲಿ ಪೆಚ್ಚಾಗಿ ನಿಂತರು. “ಮಾವ, ಇದನ್ನ ಅವರಿಗೆ ಹೆಂಗ್ ತಿಳಿಸಿ ಹೇಳೋದು?” ಎಂದು ಅವನು ಕೇಳಿದ.

ನಾನು 20 ವರ್ಷಗಳಿಂದ ಈ ಊರಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಚೀನೀ ಭಾಷೆಯನ್ನು ಆಳವಾಗಿ ಬಲ್ಲವನಲ್ಲ. ಆದರೆ ಇಂಗ್ಲಿಷಿನ ‘ಬಾರೋ’ (ಎರವಲು ತರುವುದು) ಮತ್ತು ‘ಲೆಂಡ್’ (ಎರವಲು ಕೊಡುವುದು) ಎಂಬ ಎರಡು ಪದಗಳ ವಿಷಯದಲ್ಲಿ ಚೀನೀ ಮಾತಿನ ಬಗೆ ಹೇಗಿದೆ ಎಂಬುದನ್ನು ಅಳಿಯನ ನೆರವಿನಿಂದ ಕೂತು ಬಿಡಿಸಿ ನೋಡಿದಾಗ, ಅದನ್ನು ತಿಳಿಸಿಕೊಡಲು ಇಂಗ್ಲಿಷರಿಗಿಂತ ಕನ್ನಡಿಗರಿಗೇ ಹೆಚ್ಚು ಅನುಕೂಲವಿದೆ ಎಂದು ನನಗೆ ತೋರಿತು. ಚೀನೀ ಸಹಪಾಠಿಗಳೋ ಸಹೋದ್ಯೋಗಿಗಳೋ ಇರುವ ಕನ್ನಡಿಗರಿಗಾಗಿ ಆ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೇಳಿಕೊಡುವಷ್ಟರಲ್ಲಿ ನಮ್ಮ ಇಂಗ್ಲಿಷ್ ಕೂಡ ಸ್ವಲ್ಪ ತಿದ್ದಿಕೊಳ್ಳುತ್ತದೆ.

ಮೊದಲು ಅವರ ತೊಡಕು ಎಲ್ಲಿದೆ ಎಂಬುದನ್ನು ತಿಳಿಯಬೇಕು. ಚೀನೀ ಭಾಷೆಯಲ್ಲಿ ‘ಜಿಯೆ’ ಎಂಬ ಒಂದೇ ಕ್ರಿಯಾಪದ ಎರಡೂ ಕಡೆಗೆ ದುಡಿಯುತ್ತದೆ: ಎರವಲು ತರುವುದೂ ಜಿಯೆ, ಎರವಲು ಕೊಡುವುದೂ ಜಿಯೆ. ದನಿಯನ್ನು ಮೇಲಿನಿಂದ ಕೆಳಕ್ಕೆ ಥಟ್ಟನೆ ಇಳಿಸಿ ಇದನ್ನು ಹೇಳಬೇಕು. ದನಿ ತಗ್ಗಿ ಏರಿದರೆ ಅದೇ ಉಚ್ಚಾರ ‘ಅಕ್ಕ’ ಎಂಬ ಅರ್ಥ ಕೊಡುತ್ತದೆ, ಆದ್ದರಿಂದ ನೀವು ಅವರೆದುರು ಈ ಪದವನ್ನು ಆಡುವ ಮೊದಲು ಅವರ ಬಾಯಲ್ಲೇ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ‘ವೋ ಜಿಯೆ ಲ ತಾ ಯಿ ಬೆನ್ ಶೂ’ ಎಂಬ ವಾಕ್ಯದಲ್ಲಿ ವೋ ಎಂದರೆ ನಾನು, ತಾ ಎಂದರೆ ಅವನು, ಶೂ ಎಂದರೆ ಪುಸ್ತಕ. ನಾನು ಅವನಿಂದ ಪುಸ್ತಕ ತಂದೆ ಎಂದೂ ಇದಕ್ಕೆ ಅರ್ಥ ಹೇಳಬಹುದು, ನಾನು ಅವನಿಗೆ ಪುಸ್ತಕ ಕೊಟ್ಟೆ ಎಂದೂ ಹೇಳಬಹುದು. ಸಂದರ್ಭ ನೋಡಿ ಕೇಳುವವರು ಅರ್ಥ ಮಾಡಿಕೊಳ್ಳುತ್ತಾರೆ. ಹೀಗೆ ಒಂದೇ ಪದದಲ್ಲಿ ಬದುಕಿದವರಿಗೆ ಇಂಗ್ಲಿಷಿನಲ್ಲಿ ಎರಡು ಪದಗಳು ಎದುರಾದಾಗ, ಮೊದಲು ಕಲಿತ ‘ಬಾರೋ’ವನ್ನೇ ಎರಡಕ್ಕೂ ಹಚ್ಚುವುದು ಸಹಜ.

ಇದನ್ನು ಚೀನೀಯರ ದಡ್ಡತನವೆಂದು ನಗಬಾರದು. ಇಂಗ್ಲಿಷಿಗೆ ಹತ್ತಿರದ ನೆಂಟನಾದ ಜರ್ಮನ್ ಭಾಷೆಯಲ್ಲಿ ‘ಬೋರ್ಗನ್’ ಎಂಬ ಕ್ರಿಯಾಪದವೂ ಕೊಡುವುದು, ತರುವುದು ಎರಡನ್ನೂ ಹೇಳುತ್ತದೆ. ಇಂಗ್ಲಿಷಿನ ‘ಬಾರೋ’ ಅದೇ ಬಳ್ಳಿಯ ಪದ. ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಗ್’ ಎಂದರೆ ಜಾಮೀನು, ಒತ್ತೆ. ಒತ್ತೆಯಿಟ್ಟು ತರುವುದರಿಂದ ಈಗಿನ ಅರ್ಥ ಬೆಳೆಯಿತು.

ಇನ್ನು ನಮ್ಮ ಕನ್ನಡವನ್ನು ನೋಡಿ. ನಮ್ಮಲ್ಲೂ ಎರಡು ಕಡೆಗೂ ಒಂದೇ ಪದವಿದೆ: ಸಾಲ, ಅಥವಾ ನಮ್ಮ ಸೀಮೆಯಲ್ಲಿ ಬಾಯಿಗೆ ಬೇಗ ಬರುವ ಕಡ. ಆದರೆ ಅದು ನಾಮಪದ. ಅದರ ಜೊತೆಗೆ ಒಂದು ಕ್ರಿಯಾಪದ ಬಂದೇ ತೀರಬೇಕು, ಮತ್ತು ದಿಕ್ಕನ್ನು ತೋರಿಸುವುದು ಆ ಕ್ರಿಯಾಪದವೇ: ಕಡ ಕೊಟ್ಟೆ, ಕಡ ತಗಂಡೆ. ಚೀನೀಯರಲ್ಲಿಯೂ ಈ ಜೋಡಣೆಗೆ ದಾರಿಯಿದೆ. ‘ಗೆಯ್’ ಎಂದರೆ ಕೊಡು, ‘ಲಾಯ್’ ಎಂದರೆ ಬಾ. ‘ಜಿಯೆ ಗೆಯ್’ ಎಂದರೆ ಕಡ ಕೊಡುವುದು, ‘ಜಿಯೆ ಲಾಯ್’ ಎಂದರೆ ಕಡ ತರುವುದು. ವ್ಯತ್ಯಾಸವಿಷ್ಟೇ: ನಾವು ಎರಡನೆಯ ಪದವನ್ನು ಬಿಡುವಂತಿಲ್ಲ, ಅವರು ಬಿಡಬಹುದು. ಬಿಟ್ಟಾಗಲೇ ಛತ್ರಿಗಳು ಅದಲುಬದಲಾಗುತ್ತವೆ.

ಆದ್ದರಿಂದ ಹೇಳಿಕೊಡುವಾಗ ನಿಘಂಟಿನ ಅರ್ಥದಿಂದ ಹೊರಡಬೇಡಿ. ನಿಘಂಟು ಎರಡು ಪದಗಳ ಎದುರಿಗೂ ‘ಜಿಯೆ’ ಎಂದೇ ಬರೆದಿರುತ್ತದೆ, ಅಲ್ಲಿಗೆ ಪಾಠ ನಿಂತುಹೋಗುತ್ತದೆ. ಮೇಜಿನ ಮೇಲೆ ಒಂದು ಪೆನ್ನನ್ನು ಇಡಿ. ಅದು ನಿಮ್ಮದೆಂದು ಮೊದಲೇ ತಿಳಿಸಿ. ಗೆಳೆಯನ ಕೈಗೆ ಅದನ್ನು ಕೊಡುತ್ತ, ಕೊಟ್ಟ ನಿಮ್ಮನ್ನು ತೋರಿಸಿ ‘ಲೆಂಡ್’ ಎನ್ನಿ, ಪಡೆದ ಅವನನ್ನು ತೋರಿಸಿ ‘ಬಾರೋ’ ಎನ್ನಿ. ಘಟನೆ ಒಂದೇ, ಪೆನ್ನೂ ಒಂದೇ. ವಾಕ್ಯವನ್ನು ಯಾರ ಹೆಸರಿನಿಂದ ಆರಂಭಿಸುತ್ತೇವೆ ಎಂಬುದರ ಮೇಲೆ ಪದ ಬದಲಾಗುತ್ತದೆ ಎಂಬುದು ಅವನ ಕಣ್ಣಿಗೆ ಬೀಳಬೇಕು. ಬಳಿಕ ಅವನ ಪೆನ್ನನ್ನು ನೀವು ಪಡೆದು ಇದನ್ನೇ ತಿರುಗಿಸಿ ಮಾಡಿ. ಆಮೇಲೆ ಒಂದೇ ಒಂದು ಪ್ರಶ್ನೆಯನ್ನು ರೂಢಿ ಮಾಡಿಸಿ: ವಾಕ್ಯದ ಮೊದಲಲ್ಲಿ ಇರುವವನ ಕಡೆಗೆ ವಸ್ತು ಬಂತೋ, ಅವನಿಂದ ಹೋಯಿತೋ? ಬಂದರೆ ಬಾರೋ, ಹೋದರೆ ಲೆಂಡ್.

ಇಲ್ಲಿ ಕನ್ನಡಿಗರಿಗೆ ಪುಕ್ಕಟೆ ಸಿಕ್ಕಿರುವ ಅನುಕೂಲವೊಂದಿದೆ. ಇಂಗ್ಲಿಷಿನ ‘ಬಾರೋ’ ನಮ್ಮ ಕಿವಿಗೆ, ಓಣಿಯಲ್ಲಿ ಹುಡುಗನೊಬ್ಬ ಗೆಳೆಯನನ್ನು ಕೂಗುವ ‘ಬಾರೋ’ ಎಂದೇ ಕೇಳಿಸುತ್ತದೆ. ನನ್ನ ತರಗತಿಯಲ್ಲಿ ಮಕ್ಕಳು ಇದನ್ನು ಮೊದಲ ಸಲ ಕೇಳಿದಾಗ ನಗದೇ ಇದ್ದ ವರ್ಷವಿಲ್ಲ. ಆ ನಗುವನ್ನೇ ನಾನು ಹಿಡಿದುಕೊಳ್ಳುತ್ತೇನೆ: ಪುಸ್ತಕವನ್ನು ನೀನು ‘ಬಾರೋ’ ಎಂದು ಕರೆದೆ, ಅದು ನಿನ್ನ ಹತ್ತಿರ ಬಂತು. ಒಮ್ಮೆ ಹೀಗೆ ಹೇಳಿದ ಮೇಲೆ ಹತ್ತನೆಯ ತರಗತಿಯವರೆಗೂ ಅವರು ದಿಕ್ಕು ತಪ್ಪುವುದಿಲ್ಲ. ಚೀನೀ ಗೆಳೆಯನಿಗೆ ಈ ಚಮತ್ಕಾರ ಒಗ್ಗದಿದ್ದರೂ ಅದರ ತಿರುಳು ಅವನ ಭಾಷೆಯಲ್ಲೇ ಇದೆ, ಏಕೆಂದರೆ ‘ಜಿಯೆ ಲಾಯ್’ ಎಂಬುದರಲ್ಲಿಯೂ ‘ಬಾ’ ಇದೆ. ಬಾರೋ ಬಂದಾಗ ಮನಸ್ಸಿನಲ್ಲಿ ‘ಲಾಯ್’ ಸೇರಿಸಿಕೊಳ್ಳಲಿ, ಲೆಂಡ್ ಬಂದಾಗ ‘ಗೆಯ್’ ಸೇರಿಸಿಕೊಳ್ಳಲಿ.

ಪದ ಹಿಡಿತಕ್ಕೆ ಬಂದ ಮೇಲೆ ವಾಕ್ಯದ ಕಟ್ಟು ಬರುತ್ತದೆ, ತಪ್ಪುಗಳು ಹೆಚ್ಚು ಆಗುವುದು ಇಲ್ಲಿಯೇ. ಬಾರೋ ಮಾಡುವುದು ವಸ್ತುವನ್ನು. ವ್ಯಕ್ತಿಯ ಹೆಸರು ಬರಬೇಕಾದರೆ ‘ಫ್ರಮ್’ ಬೇಕೇ ಬೇಕು. ‘ಐ ಬಾರೋಡ್ ಎ ಬುಕ್ ಫ್ರಮ್ ಹಿಮ್.’ ಲೆಂಡ್ ಹಾಗಲ್ಲ, ಅದಕ್ಕೆ ವ್ಯಕ್ತಿ ಮತ್ತು ವಸ್ತು ಎರಡೂ ಬೆನ್ನಿಗೆ ಬೆನ್ನು ಹತ್ತಿ ಬರಬಹುದು: ‘ಹಿ ಲೆಂಟ್ ಮಿ ಎ ಬುಕ್’, ಇಲ್ಲವೇ ‘ಹಿ ಲೆಂಟ್ ಎ ಬುಕ್ ಟು ಮಿ’. ಈಗ ಚೀನೀ ವಾಕ್ಯವನ್ನು ನೋಡಿದರೆ, ಯಾರಿಂದ ಪಡೆದದ್ದು ಎಂದು ಹೇಳಲು ಅವರು ‘ಗೆನ್’ ಅಥವಾ ‘ಶಿಯಾಂಗ್’ ಎಂಬ ಪದ ಬಳಸುತ್ತಾರೆ. ಗೆನ್ ಎಂದರೆ ‘ಜೊತೆ’, ಶಿಯಾಂಗ್ ಎಂದರೆ ‘ಕಡೆಗೆ’. ಹಾಗಾಗಿ ಅವರ ಇಂಗ್ಲಿಷಿನಲ್ಲಿ ‘ಬಾರೋಡ್ ವಿತ್ ಹಿಮ್’, ‘ಬಾರೋಡ್ ಟು ಹಿಮ್’ ಎಂಬ ರೂಪಗಳು ಇಣುಕುತ್ತವೆ. ನಮ್ಮ ಹುಡುಗರು ‘ಅವನ ಹತ್ರ ಇಸ್ಕಂಡೆ’ ಎಂದು ಯೋಚಿಸಿ ‘ಬಾರೋಡ್ ನಿಯರ್ ಹಿಮ್’ ಎಂದು ಬರೆಯುತ್ತಾರೆ. ಎರಡೂ ಒಂದೇ ಗಿಡದ ಕಾಯಿ. ಕನ್ನಡದಲ್ಲಿ ‘ಅವನಿಂದ’ ಎಂಬ ರೂಪವೂ ಇರುವುದರಿಂದ ನಮಗೆ ತಿದ್ದಿಕೊಳ್ಳುವುದು ಸುಲಭ. ಚೀನೀ ಗೆಳೆಯನಿಗೆ ಮಾತ್ರ ‘ಬಾರೋ’ ಮತ್ತು ‘ಫ್ರಮ್’ ಎರಡನ್ನೂ ಜೋಡೆತ್ತಿನಂತೆ ಒಟ್ಟಿಗೇ ಕಲಿಸಬೇಕು, ಬಿಡಿಬಿಡಿಯಾಗಿ ಕಲಿಸಬಾರದು.

‘ಇಸ್ಕಂಡೆ’ ಎಂಬ ಮಾತು ಬಂತಲ್ಲ, ಅದರ ಬಗ್ಗೆ ಒಂದು ಮಾತು. ಬರಹದಲ್ಲಿ ಇದು ‘ಈಸಿಕೊಂಡೆ’. ‘ಈ’ ಎಂದರೆ ಕೊಡು, ‘ಈಸು’ ಎಂದರೆ ಕೊಡುವಂತೆ ಮಾಡು, ‘ಕೊಳ್’ ಎಂದರೆ ತನಗಾಗಿ. ಮತ್ತೊಬ್ಬನು ತನಗೆ ಕೊಡುವಂತೆ ಮಾಡಿಕೊಳ್ಳುವುದೇ ಈಸಿಕೊಳ್ಳುವುದು. ದಿಕ್ಕನ್ನು ಇಷ್ಟು ಅಚ್ಚುಕಟ್ಟಾಗಿ ಹೊತ್ತ ಪದ ಇಂಗ್ಲಿಷಿನಲ್ಲಿಲ್ಲ. ಆದರೆ ಇದನ್ನು ಬಾರೋಗೆ ಸರಿಸಮನೆಂದು ಹಿಡಿಯಬಾರದು, ಏಕೆಂದರೆ ತಿರುಗಿ ಕೊಡುವ ಮಾತು ಇದರಲ್ಲಿ ಇಲ್ಲ. ಕೊಟ್ಟ ಸಾಲವನ್ನು ವಸೂಲು ಮಾಡಿಕೊಂಡಾಗಲೂ ನಾವು ‘ಇಸ್ಕಂಡು ಬಂದೆ’ ಎನ್ನುತ್ತೇವೆ.

ಇಂಗ್ಲಿಷ್ ಯಾಕೆ ಎರಡು ಪದ ಇಟ್ಟುಕೊಂಡಿದೆ ಎಂದು ಗೆಳೆಯ ಕೇಳಿದರೆ, ಅದೇನೋ ದೊಡ್ಡ ತರ್ಕವಿದೆ ಎಂಬಂತೆ ಉತ್ತರಿಸಬೇಡಿ. ಮನೆ ಬಾಡಿಗೆಯ ವಿಷಯಕ್ಕೆ ಬಂದರೆ ಇಂಗ್ಲಿಷ್ ತಾನೇ ಆ ಭೇದವನ್ನು ಮರೆಯುತ್ತದೆ: ‘ರೆಂಟ್’ ಎಂಬುದು ಮಾಲೀಕನೂ ಮಾಡುವ ಕೆಲಸ, ಬಾಡಿಗೆದಾರನೂ ಮಾಡುವ ಕೆಲಸ. ಚೀನೀ ಭಾಷೆಯ ‘ತ್ಸು’ ಕೂಡ ಹಾಗೆಯೇ. ಕನ್ನಡದಲ್ಲಿ ‘ಬಾಡಿಗೆ ಕೊಟ್ಟೆ’ ಎಂದರೆ ಹಣ ಕಟ್ಟಿದೆ ಎಂದು, ‘ಬಾಡಿಗೆಗೆ ಕೊಟ್ಟೆ’ ಎಂದರೆ ಮನೆಯನ್ನು ಒಪ್ಪಿಸಿದೆ ಎಂದು. ಒಂದು ‘ಗೆ’ ಮನೆಯ ಮಾಲೀಕನನ್ನೇ ಬದಲಿಸಿಬಿಡುತ್ತದೆ.

ಚೀನೀ ಕಲಿಕಾರ್ಥಿಗಳಿಗೇ ವಿಶೇಷವಾದ ಇನ್ನೊಂದು ಸಂಗತಿಯನ್ನು ಅಳಿಯ ಹೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅವರ ಶಾಲೆಯ ಇಂಗ್ಲಿಷ್ ಪಾಠದಲ್ಲಿ, ಬಾರೋ ಎಂಬುದು ಕ್ಷಣದಲ್ಲಿ ಮುಗಿಯುವ ಕ್ರಿಯೆ, ಆದ್ದರಿಂದ ಅದನ್ನು ‘ಎರಡು ವಾರದಿಂದ’ ಎಂಬಂಥ ಕಾಲದ ಜೊತೆ ಬಳಸಕೂಡದು, ಅಲ್ಲಿ ‘ಕೀಪ್’ ಎಂದು ಬರೆಯಬೇಕು ಎಂದು ಕಲಿಸುತ್ತಾರೆ. ‘ಐ ಹ್ಯಾವ್ ಬಾರೋಡ್ ದಿಸ್ ಬುಕ್ ಫಾರ್ ಟೂ ವೀಕ್ಸ್’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ನಿಯಮದ ತಿರುಳು ಸರಿಯೇ: ಪುಸ್ತಕ ತರುವ ಕೆಲಸ ಗ್ರಂಥಾಲಯದ ಬಾಗಿಲಲ್ಲಿ ಮುಗಿಯಿತು, ಅದಾದ ಮೇಲೆ ನಡೆದಿರುವುದು ಇಟ್ಟುಕೊಂಡಿರುವ ಕೆಲಸ. ನಮ್ಮಲ್ಲೂ ‘ಎರಡು ವಾರದಿಂದ ಎರವಲು ತಂದಿದ್ದೇನೆ’ ಎಂದರೆ ಕಿವಿಗೆ ಕುಕ್ಕುತ್ತದೆ, ‘ತಂದು ಎರಡು ವಾರ ಆಯ್ತು’ ಎನ್ನುತ್ತೇವೆ. ಆದರೆ ನಿಯಮವನ್ನು ಕುರುಡಾಗಿ ಹಿಡಿದ ಗೆಳೆಯ ‘ಕ್ಯಾನ್ ಐ ಬಾರೋ ಇಟ್ ಫಾರ್ ಎ ವೀಕ್’ ಎಂಬ ವಾಕ್ಯವನ್ನೂ ತಪ್ಪೆನ್ನಬಹುದು. ಅದು ತಪ್ಪಲ್ಲ. ಅಲ್ಲಿ ವಾರ ಎಂಬುದು ಮುಂದೆ ಇಟ್ಟುಕೊಳ್ಳುವ ಗಡುವು, ಇಂಗ್ಲಿಷರು ದಿನವೂ ಆಡುವ ಮಾತು. ಇನ್ನು ಮೊದಲಿನ ವಾಕ್ಯಕ್ಕೆ ಅವರ ಬಾಯಲ್ಲಿ ಸಹಜವಾಗಿ ಬರುವುದು ‘ಐ ಹ್ಯಾವ್ ಹ್ಯಾಡ್ ದಿಸ್ ಬುಕ್ ಫಾರ್ ಟೂ ವೀಕ್ಸ್’ ಎಂಬುದು.

ಯಾವ ವಸ್ತುವಿಗೆ ಬಾರೋ ಸಲ್ಲುತ್ತದೆ ಎಂಬುದನ್ನು ಅಡುಗೆಮನೆಯಿಂದ ವಿವರಿಸುವುದು ನನಗೆ ಇಷ್ಟ. ನಮ್ಮ ಓಣಿಯಲ್ಲಿ ಪಕ್ಕದ ಮನೆಯವರು ಬಂದು, “ಅಕ್ಕಾರೆ, ಒಂದ್ ಲೋಟ ಸಕ್ರಿ ಕೊಡ್ರಿ, ನಾಳೆ ತಂದು ಕೊಡ್ತೀನಿ” ಎನ್ನುತ್ತಾರೆ. ಕೊಟ್ಟ ಸಕ್ಕರೆ ಚಹಾದಲ್ಲಿ ಕರಗಿ ಹೋಗುತ್ತದೆ, ಮರುದಿನ ಬರುವುದು ಬೇರೆ ಸಕ್ಕರೆ. ಒನಕೆಯನ್ನೋ ಕೊಡಲಿಯನ್ನೋ ಒಯ್ದರೆ ಅದೇ ವಸ್ತು ಹಿಂತಿರುಗುತ್ತದೆ. ಕನ್ನಡ ಈ ಎರಡನ್ನೂ ಬೇರೆ ಮಾಡಿ, ಸಕ್ಕರೆಗೆ ಕಡ, ಒನಕೆಗೆ ಎರವಲು ಎನ್ನುತ್ತದೆ. ಇಂಗ್ಲಿಷಿಗೆ ಎರಡೂ ಬಾರೋ. ಆದರೆ ಅದೇ ನೆರೆಯವರು ಹೆಪ್ಪಿಗೆಂದು ಒಂದು ಚಮಚ ಮೊಸರು ಕೇಳಿದಾಗ, ತಿರುಗಿ ಕೊಡುವ ಮಾತೇ ಅಲ್ಲಿ ಹುಟ್ಟುವುದಿಲ್ಲ. ಹೆಪ್ಪನ್ನು ಯಾರೂ ಲೆಕ್ಕ ಇಟ್ಟವರಲ್ಲ. ಅದಕ್ಕೆ ಬಾರೋ ಬೇಡ, ‘ಕ್ಯಾನ್ ಐ ಹ್ಯಾವ್ ಎ ಸ್ಪೂನ್ ಆಫ್ ಕರ್ಡ್’ ಎಂದರಾಯಿತು. ಪರೀಕ್ಷೆಯ ಹೊತ್ತಿಗೆ ಒಂದು ಬಿಳಿ ಹಾಳೆ ಕೇಳುವಾಗಲೂ ‘ಹ್ಯಾವ್’ ಸರಿ, ಪೆನ್ನು ಕೇಳುವಾಗ ‘ಬಾರೋ’ ಸರಿ.

ಜಾಗ ಬಿಟ್ಟು ಕದಲದ ವಸ್ತುಗಳಿಗೂ ಬಾರೋ ಒಪ್ಪುವುದಿಲ್ಲ. ಚೀನೀ ಭಾಷೆಯಲ್ಲಿ ಶೌಚಾಲಯವನ್ನು ಬಳಸಲು ಅನುಮತಿ ಕೇಳುವಾಗಲೂ ಜಿಯೆ ಬರುತ್ತದೆ, ಆದ್ದರಿಂದ ಮನೆಗೆ ಬಂದ ಅತಿಥಿ ಬಹಳ ಮರ್ಯಾದೆಯಿಂದಲೇ ‘ಕ್ಯಾನ್ ಐ ಬಾರೋ ಯುವರ್ ಟಾಯ್ಲೆಟ್’ ಎನ್ನಬಹುದು. ಇಂಗ್ಲಿಷ್ ಬಲ್ಲವರಿಗೆ ಅದು ಶೌಚಾಲಯವನ್ನೇ ಕಿತ್ತು ಹೊತ್ತುಕೊಂಡು ಹೋಗುವ ಚಿತ್ರದಂತೆ ಕಾಣುತ್ತದೆ. ಅಲ್ಲಿ ‘ಯೂಸ್’ ಬೇಕು. ಮೊಬೈಲು ಕೈಯಿಂದ ಕೈಗೆ ಹೋಗುವುದರಿಂದ ಅದಕ್ಕೆ ಬಾರೋ ನಡೆಯುತ್ತದೆ. ಉತ್ತರ ಚೀನಾದಲ್ಲಿ ಜನಸಂದಣಿಯ ನಡುವೆ ದಾರಿ ಬಿಡಿಸಿಕೊಳ್ಳುವಾಗ ‘ಜಿಯೆ ಗುವಾಂಗ್’ ಎನ್ನುವ ರೂಢಿಯಿದೆ. ಪದಶಃ ನೋಡಿದರೆ ‘ಬೆಳಕನ್ನು ಕಡ ಕೊಡಿ’ ಎಂದಂತೆ. ಕೇಳಲು ಬಹಳ ಸೊಗಸಾದ ಮಾತು, ಆದರೆ ಇಂಗ್ಲಿಷಿಗೆ ದಾಟಿಸಿದರೆ ಉಳಿಯುವುದು ಬರೀ ‘ಎಕ್ಸ್‌ಕ್ಯೂಸ್ ಮಿ’.

ಅಂಗಡಿಯ ಉದ್ರಿಯನ್ನು ಇದರೊಳಗೆ ತರಬೇಡಿ. ನಮ್ಮ ಅಂಗಡಿಗಳ ಗೋಡೆಯ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಎಂದು ಬರೆದಿರುವುದನ್ನು ಎಲ್ಲರೂ ನೋಡಿದ್ದೇವೆ. ಮಂಡಕ್ಕಿಯನ್ನು ಉದ್ರಿ ತಂದರೆ ಅದು ಕೊಂಡ ಮಾಲು, ಬಾಕಿ ಇರುವುದು ಹಣ ಮಾತ್ರ. ಅದಕ್ಕೆ ‘ಬಾಟ್ ಆನ್ ಕ್ರೆಡಿಟ್’ ಎನ್ನಬೇಕು. ಬ್ಯಾಂಕಿನ ಸಾಲಕ್ಕೆ ‘ಲೋನ್’ ಎಂಬ ನಾಮಪದವಿದೆ. ಅಮೆರಿಕದವರು ಅದನ್ನೇ ಲೆಂಡ್ ಎಂಬ ಅರ್ಥದಲ್ಲಿ ಕ್ರಿಯಾಪದವಾಗಿಯೂ ಬಳಸುತ್ತಾರೆ, ಆದರೆ ಕಲಿಯುವ ಹಂತದಲ್ಲಿ ಮೂರನೆಯ ಪದವೊಂದನ್ನು ತಂದು ಗೆಳೆಯನ ತಲೆ ಕೆಡಿಸುವುದು ಬೇಡ. ಲೆಂಡ್ ಪದದ ಭೂತಕಾಲ ‘ಲೆಂಟ್’ ಎಂಬುದನ್ನು ಮಾತ್ರ ನೆನಪಿಸಿ. ಕ್ರಿಯಾಪದದ ರೂಪವೇ ಬದಲಾಗದ ಭಾಷೆಯಿಂದ ಬಂದವರು ‘ಲೆಂಡೆಡ್’ ಎನ್ನುವುದುಂಟು.

ತಿರುಗಿ ಕೊಡದ ಬಾರೋಗಳೂ ಎರಡಿವೆ, ಅವನ್ನು ಗೆಳೆಯ ತಾನಾಗಿಯೇ ಗುರುತಿಸುತ್ತಾನೆ. 52ರಿಂದ 27ನ್ನು ಕಳೆಯುವಾಗ ಬಿಡಿ ಸ್ಥಾನದ 2ರಲ್ಲಿ 7 ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಹತ್ತನ್ನು ಕಡ ತಗೋ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಅದು ಬಾರೋ, ಚೀನೀಯರ ಲೆಕ್ಕದ ಪಾಠದಲ್ಲಿಯೂ ಅದು ಜಿಯೆ. ಆ ಹತ್ತು ಎಂದೂ ಹಿಂತಿರುಗುವುದಿಲ್ಲ. ಇನ್ನೊಂದು, ಒಂದು ಭಾಷೆ ಮತ್ತೊಂದರಿಂದ ಪಡೆಯುವ ಪದ. ಅದನ್ನು ನಾವು ಎರವಲು ಪದ ಎನ್ನುತ್ತೇವೆ, ಇಂಗ್ಲಿಷರು ಲೋನ್ ಎಂಬ ಪದ ಸೇರಿಸಿ ಹೇಳುತ್ತಾರೆ, ಚೀನೀಯರು ಜಿಯೆ ಸೇರಿಸಿ ಹೇಳುತ್ತಾರೆ. ನಮ್ಮ ‘ಚಹಾ’ ಚೀನೀಯರ ‘ಚಾ’ದಿಂದ ಬಂದದ್ದು, ಅವರ ಬೌದ್ಧ ಪಂಥವೊಂದರ ಹೆಸರಾದ ‘ಚಾನ್’ ನಮ್ಮ ಸಂಸ್ಕೃತದ ‘ಧ್ಯಾನ’ದಿಂದ ಹೋದದ್ದು. ಪಾಠದ ನಡುವೆ ಚಹಾ ತರಿಸಿದ್ದರೆ ಈ ಉದಾಹರಣೆಯನ್ನು ಲೋಟ ಎತ್ತಿ ತೋರಿಸಿ ಹೇಳಬಹುದು.

ಕೊನೆಗೆ ಅಭ್ಯಾಸ. ಗೆಳೆಯ ಚೀನೀ ಭಾಷೆಯಲ್ಲಿ ಒಂದು ಜಿಯೆ ವಾಕ್ಯ ಹೇಳಲಿ, ಅದು ಲಾಯ್ ಅರ್ಥದ್ದೋ ಗೆಯ್ ಅರ್ಥದ್ದೋ ಎಂದು ಮೊದಲು ತೀರ್ಮಾನಿಸಲಿ, ಆಮೇಲೆ ಇಂಗ್ಲಿಷಿಗೆ ತರಲಿ. ಒಂದೇ ಘಟನೆಯನ್ನು ಎರಡೂ ಕಡೆಯಿಂದ ಹೇಳಿಸಿ: ‘ಶಿ ಲೆಂಟ್ ಮಿ ಹರ್ ನೋಟ್ಸ್’, ‘ಐ ಬಾರೋಡ್ ಹರ್ ನೋಟ್ಸ್’. ದಿನಕ್ಕೆ ಐದು ವಾಕ್ಯ ಸಾಕು, ವಾರ ಕಳೆಯುವಷ್ಟರಲ್ಲಿ ಬಾಯಿಗೆ ರೂಢಿಯಾಗುತ್ತದೆ. ನೀವೂ ಸುಮ್ಮನೆ ಕೂರಬೇಡಿ, ನಿಮ್ಮ ಪಾಲಿಗೆ ಈ ವಾಕ್ಯವನ್ನು ಇಂಗ್ಲಿಷಿಗೆ ತನ್ನಿ: “ಅವನು ನನ್ನ ಹತ್ರ ಕಡ ತಗಂಡಿದ್ದ ದುಡ್ಡನ್ನ ನಿನ್ನೆ ಇಸ್ಕಂಡೆ.” ‘ಯೆಸ್ಟರ್ಡೇ ಐ ಬಾರೋಡ್’ ಎಂದು ಆರಂಭಿಸಿದರೆ ನೀವೇ ಸಾಲಗಾರರಾಗಿಬಿಡುತ್ತೀರಿ. ‘ಯೆಸ್ಟರ್ಡೇ ಐ ಗಾಟ್ ಬ್ಯಾಕ್ ದ ಮನಿ ಹಿ ಹ್ಯಾಡ್ ಬಾರೋಡ್ ಫ್ರಮ್ ಮಿ’ ಎಂಬುದು ಸರಿಯಾದ ಉತ್ತರ. ‘ಹಿ ಹ್ಯಾಡ್ ಬಾರೋಡ್ ಫ್ರಮ್ ಮಿ’ ಎಂಬುದರ ಬದಲು ‘ಐ ಹ್ಯಾಡ್ ಲೆಂಟ್ ಹಿಮ್’ ಎಂದರೂ ಅದೇ ದುಡ್ಡು.